ಹೊರಬೀಡಿನ ಒಲೆ ಮತ್ತು ಮುತ್ತಜ್ಜಿಯ ಡಾಬು

ನಾನೀಗ ಹೇಳುವುದನ್ನು ನೀವು ನಂಬುವುದಿಲ್ಲ. ನನ್ನ ಪಕ್ಕದ ಬೆಂಚಿನ ಗೆಳತಿಯೇ ನಂಬಿಲ್ಲ, ಇನ್ನು ನೀವು ಹೇಗೆ ನಂಬುತ್ತೀರಿ? ಆದರೆ ನಮ್ಮೂರಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ಹೌದು ಅನ್ನುತ್ತಾರೆ. ಊರಿನ ಹೆಸರು ಮಾತ್ರ ಬರೆಯುವುದಿಲ್ಲ, ತಂಬ್ರಹಳ್ಳಿಯ ಹತ್ತಿರ ಅಂದುಕೊಳ್ಳಿ. ಹೆಸರು ಬರೆದರೆ ನಮ್ಮ ಕೊಟ್ಟೂರಜ್ಜಿ ಈ ಪತ್ರಿಕೆಯನ್ನೇ ಸುರುಳಿ ಸುತ್ತಿಕೊಂಡು ನನಗೆ ಬಾರಿಸಲು ಬರುತ್ತಾಳೆ.

ಇದು ನಡೆದದ್ದು 1999ರಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ನಮ್ಮಕ್ಕನಿಗೆ ಹೂವಿನಹಡಗಲಿಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಮನೆಯಲ್ಲಿ ಎಲ್ಲರಿಗೂ ಸಂಭ್ರಮ, ನಮ್ಮಜ್ಜಿಗೆ ಮಾತ್ರ ಇಲ್ಲ. ನಮ್ಮಜ್ಜಿ ಅಂದರೆ ಅಪ್ಪನ ಅವ್ವ, ಹಾಲಮ್ಮ. "ಮದುವಿ ದಿನ ನಾನು ಕುರಿ ನೋಡ್ಕೊಂಡು ಮನ್ಯಾಗಾ ಇರ್ತೀನಿ, ನೀವು ಹೋಗಿ ಬರ್ರಿ" ಅಂದುಬಿಟ್ಟಿದ್ದಳು. ಕಾರಣ ಒಂದೇ. ಮದುವೆಗೆ ಕೊಟ್ಟೂರಜ್ಜಿ ಬರುತ್ತಾಳೆ. ಬಂದರೆ ಡಾಬಿನ ಮಾತು ತೆಗೆಯುತ್ತಾಳೆ.

ಕೊಟ್ಟೂರಜ್ಜಿ ನಮ್ಮ ತಾತನ ತಂಗಿ, ಹೆಸರು ಗೌರಮ್ಮ. ಕೊಟ್ಟೂರಿಗೆ ಮದುವೆಯಾಗಿ ಹೋದವಳು. ಆಕೆಯ ದನಿ ಎಂಥದ್ದೆಂದರೆ, ಕೊಟ್ಟೂರಲ್ಲಿ ಕೆಮ್ಮಿದರೆ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ ನಾಯಿ ಎದ್ದು ಕೂರುತ್ತದೆ. ಈಕೆಯ ಅವ್ವನಿಗೆ, ಅಂದರೆ ನನ್ನ ಮುತ್ತಜ್ಜಿಗೆ, ಬೆಳ್ಳಿಯ ಡಾಬು ಒಂದಿತ್ತಂತೆ. ಸೊಂಟಕ್ಕೆ ಕಟ್ಟಿಕೊಂಡು ನಡೆದರೆ ಎದುರಿಗೆ ಬಂದವರು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು, ಅಷ್ಟು ಹೊಳಪು. ಮುತ್ತಜ್ಜಿ ಒಂದು ಹೊರಬೀಡಿನ ದಿನ ಸತ್ತಳು. ಡಾಬು ಅವತ್ತಿನಿಂದ ಇಲ್ಲ.

ಹೊರಬೀಡು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆಲವು ವರ್ಷಕ್ಕೊಮ್ಮೆ ನಮ್ಮೂರಲ್ಲಿ ಡಂಗುರ ಸಾರುತ್ತಾರೆ. ಆ ದಿನ ಹೊತ್ತು ಹುಟ್ಟುವ ಮುಂಚೆ ಊರಿಗೆ ಊರೇ ಹೊಲಕ್ಕೆ ಹೋಗಬೇಕು. ಹಸುಗೂಸು, ಮುದುಕರು, ದನ, ಕುರಿ, ಕೋಳಿ, ಎಲ್ಲವೂ. ಯಾವ ಮನೆಯ ಒಲೆಯಲ್ಲೂ ಬೆಂಕಿ ಇರಬಾರದು, ಯಾವ ಬಾಗಿಲಿಗೂ ಬೀಗ ಹಾಕಬಾರದು. ದಾರಿಗಳಿಗೆಲ್ಲ ಮುಳ್ಳುಬೇಲಿ ಎಳೆಯುತ್ತಾರೆ. ಖಾಲಿ ಊರಲ್ಲಿ ಊರಮ್ಮ ಒಬ್ಬಳೇ ಓಡಾಡುತ್ತಾಳೆ ಅಂತ ನಂಬಿಕೆ. ನಾವು ಹೊಲದಲ್ಲಿ ಹೋಳಿಗೆ ಮಾಡಿ ತಿಂದು ಸಂಜೆ ವಾಪಸು ಬರುತ್ತೇವೆ.

ಮುತ್ತಜ್ಜಿ ಅವತ್ತು ಬರಿಯ ಸೊಂಟದಲ್ಲಿ ಹೊಲಕ್ಕೆ ಬಂದಿದ್ದಳಂತೆ. ಹಾಗಾದರೆ ಡಾಬು ಮನೆಯಲ್ಲೇ ಎಲ್ಲೋ ಬಚ್ಚಿಟ್ಟಿರಬೇಕು. ಮನೆಯಿಂದ ಕಡೆಗೆ ಹೊರಬಿದ್ದವಳು ಆಗಷ್ಟೇ ಮದುವೆಯಾಗಿ ಬಂದಿದ್ದ ನಮ್ಮಜ್ಜಿ. ಅಷ್ಟು ಸಾಕಾಯಿತು ಕೊಟ್ಟೂರಜ್ಜಿಗೆ.

"ಬಾಗ್ಲಾ ಕಡೀಗೆ ದಾಟಿದಾಕಿ ಯಾರು? ಹೊಸ ಸೊಸಿ. ಡಾಬಿಗೇನು ಕಾಲು ಬಂದು ನಡಕೊಂಡು ಹೋತಾ? ಹೋಗಿದ್ರ ಯಾರ ತವರುಮನಿಗೆ ಹೋತು?"

ಅಪ್ಪ ಹುಟ್ಟುವ ಮುಂಚಿನಿಂದ ಇದೇ ಮಾತು. ನೆಂಟರ ಮದುವೆಯಲ್ಲಿ ಒಡವೆಯ ಪೆಟ್ಟಿಗೆ ತೆಗೆದರೆ ಸಾಕು, ನಮ್ಮಜ್ಜಿ ಯಾರೂ ಹೇಳದೆಯೇ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನನಗೆ ಅದು ಕಂಡಾಗಲೆಲ್ಲ ಮೈ ಉರಿಯುತ್ತಿತ್ತು.

ಅಕ್ಕನ ಮದುವೆಯೊಳಗೆ ಡಾಬು ಹುಡುಕಿಯೇ ತೀರುತ್ತೇನೆ ಅಂತ ನಾನು ಪಣ ತೊಟ್ಟೆ. ಸಲಾಕೆ ತೊಗೊಂಡು ಅಡುಗೆಮನೆಯ ಮೂಲೆ ಅಗೆದೆ, ಹೆಗ್ಗಣದ ಸಂಸಾರ ಹೊರಗೆ ಬಂತು. ಬೀಸುಕಲ್ಲಿನ ಬುಡ ಅಗೆದೆ, ಬೀಸುಕಲ್ಲು ವಾಲಿತು. ಹಿತ್ತಲಿನ ಬೇವಿನ ಬುಡ ಅಗೆದಾಗ ಮಾತ್ರ ಟಣ್ ಅಂತ ಸದ್ದಾಯಿತು. ಮುಚ್ಚಳ ಮುಚ್ಚಿದ ಮಡಕೆ! ನಾನು ಕೂಗಿದ ಕೂಗಿಗೆ ಓಣಿಯವರೆಲ್ಲ ಓಡಿ ಬಂದರು. ಟೈಲರ್ ಖಾಸಿಂ ಚಾಚಾ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬಂದ. ನಾನು ರಾಣಿಯ ಹಾಗೆ ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

ಅಮ್ಮ ನೋಡಿದಳು. ತಲೆ ಚಚ್ಚಿಕೊಂಡಳು.

"ಲೇ ರೇಣಿ, ಇಳಸಲೇ ಅದನ್ನ! ಅದು ನಿಂದಾ ಐತಿ. ನೀ ಹುಟ್ಟಿದಾಗ ಬಿದ್ದ ಮಾಸು ಅದರಾಗ ಹಾಕಿ ಹೂತಿದ್ವಿ!"

ನಾನು ಹುಟ್ಟುವಾಗಲೇ ಅವಸರದವಳು. ಅಮ್ಮ ಹೆರಿಗೆಗೆ ತವರಿಗೆ ಹೊರಡುವ ಮುಂಚೆ ಇಲ್ಲೇ ಹುಟ್ಟಿಬಿಟ್ಟಿದ್ದೆ. ಆ ಮಡಕೆಯನ್ನು ತಲೆಯ ಮೇಲೆತ್ತಿ ಊರಿಗೆಲ್ಲ ತೋರಿಸಿದವಳು ಕರ್ನಾಟಕದಲ್ಲಿ ನಾನೊಬ್ಬಳೇ ಇರಬೇಕು. ಖಾಸಿಂ ಚಾಚಾ ಎಷ್ಟು ನಕ್ಕನೆಂದರೆ, ಆ ವಾರ ಹೊಲಿದ ಲಂಗಗಳೆಲ್ಲ ಸೊಟ್ಟಗಾದವು. ಅಪ್ಪ ನಗಲಿಲ್ಲ. "ಇನ್ನೊಮ್ಮೆ ಸಲಾಕಿ ಮುಟ್ಟಿದ್ರ ಕೈ ಮುರೀತೀನಿ" ಅಂದ. ಅಲ್ಲಿಗೆ ನನ್ನ ಅಗೆತ ನಿಂತಿತು.

ಅದೇ ತಿಂಗಳು ಊರಲ್ಲಿ ಹೊರಬೀಡಿಗೆ ಡಂಗುರ ಸಾರಿದರು. ಹೊರಬೀಡಿಗೆ ಕೊಟ್ಟೂರಜ್ಜಿಯೂ ಬಂದಳು. ತಪ್ಪಿಸುವುದೇ ಇಲ್ಲ. ಹೊಲದಲ್ಲಿ ಪ್ರತಿಯೊಂದು ಮನೆತನಕ್ಕೂ ಹಿಂದಿನಿಂದ ಬಂದ ಒಂದು ಜಾಗ ಇರುತ್ತದೆ. ನಮ್ಮದು ಬದುವಿನ ಮೇಲಿನ ದೊಡ್ಡ ಹುಣಸೆಮರದ ಕೆಳಗೆ. ಅಲ್ಲಿ ಮೂರು ಗುಂಡುಕಲ್ಲಿನ ಒಲೆ ಇದೆ. ಆ ಕಲ್ಲುಗಳನ್ನು ಯಾರೂ ಕದಲಿಸುವುದಿಲ್ಲ, ಮತ್ತೆ ಹೊರಬೀಡು ಬಂದಾಗ ಅದರ ಮೇಲೇ ಹೋಳಿಗೆಯ ಹಂಚು ಇಡುತ್ತಾರೆ. ಗಂಡಸರು ದನ ಕುರಿ ಹೊಡೆದುಕೊಂಡು ಬೇಲಿ ಕಾಯಲು ಹೋಗಿದ್ದರು. ಮರದ ಕೆಳಗೆ ನಾವು ಹೆಂಗಸರೇ. ಅಮ್ಮ, ಅಕ್ಕ ಹೋಳಿಗೆ ತಟ್ಟುತ್ತಿದ್ದರು. ನಮ್ಮಜ್ಜಿ ದೂರ ಬದುವಿನ ತುದಿಯಲ್ಲಿ ಕೂತು ಹುಣಸೆಬೀಜ ಆರಿಸುತ್ತಿದ್ದಳು. ಕೊಟ್ಟೂರಜ್ಜಿ ಹೋಳಿಗೆ ಬಾಯಲ್ಲಿಟ್ಟುಕೊಂಡೇ ಶುರುಮಾಡಿದಳು.

"ನಮ್ಮವ್ವನ ಡಾಬು ಇದ್ದಿದ್ರ ಈ ಹುಡುಗಿ ಮದುವಿಗೆ ಆಗ್ತಿತ್ತು. ಹ್ಞೂಂ, ಯಾರ ಮನಿ ಹುಡುಗಿ ಕಟ್ಕೊಂಡಾಳೋ!"

ಅಕ್ಕ ತಲೆ ತಗ್ಗಿಸಿದಳು. ನಾನು ಎದ್ದು ಹೋಗಿ ಅಜ್ಜಿಯ ಪಕ್ಕ ಕೂತೆ.

"ಅಜ್ಜಿ, ಅವತ್ತು ಖರೇವಂದ್ರ ಏನಾತು ಹೇಳು. ನೀನು ಒಮ್ಮೆನೂ ಹೇಳಿಲ್ಲ."

"ಏನು ಹೇಳಲೇ? ನಮ್ಮತ್ತಿ ಕಟಗಿ ಆರಿಸಾಕ ಹೋದಾಗ ಹಾವು ಮುಟ್ಟಿತು. ಗಾಡ್ಯಾಗ ಹಾಕ್ಕೊಂಡು ಆಸ್ಪತ್ರಿಗೆ ಹೊಂಟ್ರು. ದಾರ್ಯಾಗಾ ಹೋತು ಜೀವ."

"ಏನೂ ಹೇಳಲಿಲ್ಲಾ?"

"ನಾಲಿಗಿ ತೊದಲ್ತಿತ್ತು. 'ಒಲಿ, ಒಲಿ' ಅಂದ್ಲು. ಮನ್ಯಾಗ ಬೆಂಕಿ ಉಳದೈತೇನೋ ಅಂತ ಆಕಿಗೆ ಜೀವ ಹೊಡಕೊಂತಿತ್ತು. ಬೆಂಕಿ ಉಳಿದ್ರ ಊರಿಗೆ ಕೇಡಲ್ಲ? ನಾ ಕಿವ್ಯಾಗ ಹೇಳಿದೆ, 'ಅತ್ತಿ, ಒಲಿಗೆ ನೀರು ಹಾಕೀನಿ, ಚಿಂತಿ ಮಾಡಬ್ಯಾಡ' ಅಂತ. ತಲಿ ಅಲ್ಲಾಡಿಸಿದ್ಲು, ಅಲ್ಲ ಅಲ್ಲ ಅನ್ನೋಹಂಗ. ಸಂಕಟಕ್ಕ ಅಂದ್ಕೊಂಡೆ."

ಸ್ವಲ್ಪ ಹೊತ್ತು ಬೀಜ ಆರಿಸಿ ಅಜ್ಜಿ ತಾನೇ ಮುಂದುವರಿಸಿದಳು.

"ನಾ ಬಂದ ಮ್ಯಾಲೆ ಆಕಿ ಒಲಿ ಮುಂದ ಕುಂತಿದ್ದಾ ಇಲ್ಲ. ಆದ್ರ ಅವತ್ತು ನೋಡು, ಹಳೇ ಕಲ್ಲು ಕಿತ್ತು ಈ ಹೊಲದ ಒಲಿ ತಾನಾ ಹೂಡಿದ್ಲು. ನನ್ನ ಮುಟ್ಟಗೊಡಲಿಲ್ಲ. ನೀರು ತಾ ಅಂತ ಬಾವಿಗೆ ಕಳಿಸಿದ್ಲು."

ನನ್ನ ತಲೆಯಲ್ಲಿ ಟ್ಯೂಬ್‌ಲೈಟು ಹತ್ತಿತು. ಬೀಗ ಹಾಕದ ಮನೆಯಲ್ಲಿ ಯಾರಾದರೂ ಡಾಬು ಬಿಟ್ಟು ಬರುತ್ತಾರಾ? ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಹೊಲಕ್ಕೇ ತಂದಿದ್ದಳು ಮುತ್ತಜ್ಜಿ! ಸೊಸೆಯನ್ನು ಬಾವಿಗೆ ಅಟ್ಟಿ, ಒಲೆ ಹೂಡುವ ನೆಪದಲ್ಲಿ ಹೂತಿದ್ದಳು. ಉರಿಯುವ ಒಲೆಯ ಬುಡ ಯಾರು ಅಗೆಯುತ್ತಾರೆ? ಸಾಯುವಾಗ ಅವಳು ಹೇಳಿದ್ದು ಮನೆಯ ಒಲೆಯಲ್ಲ, ಹೊಲದ ಒಲೆ. ಇಷ್ಟು ವರ್ಷ ಕೊಟ್ಟೂರಜ್ಜಿ ಡಾಬಿನ ಮೇಲೇ ಬೆಂದ ಹೋಳಿಗೆ ತಿಂದು, ಕೈ ತೊಳೆದುಕೊಂಡು, ಡಾಬು ಕದ್ದಳು ಅಂತ ಅಜ್ಜಿಯನ್ನು ಬೈಯುತ್ತಿದ್ದಳು!

ಓಡಿ ಹೋಗಿ "ಅಮ್ಮಾ, ಒಲಿ ಕೀಳು" ಅಂದೆ. ಅಮ್ಮ ಲಟ್ಟಣಿಗೆ ತೋರಿಸಿದಳು. ಮಡಕೆಯ ಹುಡುಗಿಯ ಮಾತನ್ನು ಯಾರು ಕೇಳುತ್ತಾರೆ? ಸಂಜೆಯಾದರೆ ಎಲ್ಲರೂ ಊರಿಗೆ ಹೋಗುತ್ತಾರೆ, ಮುಂದಿನ ಹೊರಬೀಡು ಯಾವಾಗಲೋ.

ಆಗ ನನ್ನ ಬುದ್ಧಿ ಕೆಲಸ ಮಾಡಿತು. ಅದು ಯಾವಾಗಲೂ ಮಾಡುತ್ತದೆ, ಗಣಿತದ ಪೀರಿಯಡ್ ಬಿಟ್ಟು.

ಮರದ ಹಿಂದೆ ಹೋಗಿ ಜಡೆ ಬಿಚ್ಚಿ ಹರಡಿಕೊಂಡೆ. ಪೂಜೆಗೆ ತಂದಿದ್ದ ಅರಿಶಿನ ಮುಖಕ್ಕೆ ಬಳಿದುಕೊಂಡೆ, ಅರ್ಧ ಕಣ್ಣಿಗೇ ಹೋಯಿತು. ಬೇವಿನ ಸೊಪ್ಪು ಹಿಡಿದು ಹೂಂ ಅಂತ ಹೊರಗೆ ಬಂದೆ. ಬಂದವಳೇ ಕಟ್ಟಿರುವೆಯ ಗೂಡಿನ ಮೇಲೆ ಕಾಲಿಟ್ಟೆ. ಆಮೇಲೆ ನಾನು ಕುಣಿದದ್ದರಲ್ಲಿ ನಟನೆ ಏನೇನೂ ಇರಲಿಲ್ಲ.

"ಅಯ್ಯಯ್ಯೋ, ಹುಡುಗಿ ಮೈಮ್ಯಾಲೆ ಊರಮ್ಮ ಬಂದಾಳ!" ಅಂತ ಮೊದಲು ಕೂಗಿದವಳು ಕೊಟ್ಟೂರಜ್ಜಿಯೇ. ಪಕ್ಕದ ಮರಗಳ ಕೆಳಗಿದ್ದ ಹೆಂಗಸರೂ ಓಡಿ ಬಂದರು.

"ಉರಿಯಾಕತ್ತೈತಿ! ಎದಿ ಮ್ಯಾಲೆ ಒಲಿ ಹೂಡೀರಿ! ಕೀಳ್ರಿ ಅದನ್ನ!" ಅಂದೆ.

ಅಮ್ಮ ಹಂಚು ಇಳಿಸಿದಳು, ಯಾರೋ ಕೊಡ ನೀರು ಸುರಿದರು. ಹಬೆ ಎದ್ದಿತು. ಅರೆಬೆಂದ ಹೋಳಿಗೆಯೊಂದು ನೀರಲ್ಲಿ ತೇಲಿಹೋದದ್ದು ನೋಡಿ ಊರಮ್ಮನಿಗೇ ಬೇಜಾರಾಯಿತು.

"ಗೌರೀ! ನೀನಾ ಅಗಿ!"

ಕೊಟ್ಟೂರಜ್ಜಿ ಕುರ್ಚಿಗಿ ತೊಗೊಂಡಳು. ಕಳೆ ಕೀಳುವ ಆ ಸಣ್ಣ ಕುರ್ಚಿಗಿಗೆ ನೆಲ ಜಗ್ಗಲಿಲ್ಲ. ಅಷ್ಟು ವರ್ಷದ ಬೆಂಕಿಗೆ ಇಟ್ಟಿಗೆಯಾಗಿತ್ತು. ಒದ್ದೆಯಾದ ಮೇಲೆ ನಿಧಾನ ಬಿಟ್ಟುಕೊಟ್ಟಿತು. ಮೊಣಕೈ ಆಳ ಹೋಯಿತು. ಬೂದಿ, ಇದ್ದಿಲು, ಮತ್ತೆ ಬೂದಿ.

"ಏನೂ ಇಲ್ಲವ್ವ ತಾಯಿ..."

ಬದುವಿನ ತುದಿಯಲ್ಲಿ ನಮ್ಮಜ್ಜಿ ಎದ್ದು ನಿಂತಿದ್ದಳು, ಸೆರಗಿನಲ್ಲಿ ಹುಣಸೆಬೀಜ. ಏನೂ ಸಿಗದಿದ್ದರೆ ಈ ಎಲ್ಲ ಹೆಂಗಸರ ಎದುರು ಡಾಬಿನ ಕಥೆ ಮತ್ತೆ ಹೊಸದಾಗುತ್ತದೆ. ಅದನ್ನು ಹೊಸದು ಮಾಡಿದವಳು ನಾನಾಗುತ್ತೇನೆ. ಕಣ್ಣು ಮುಚ್ಚಿ ತೂಗಾಡುತ್ತಾ ಯೋಚಿಸಿದೆ. ಬೆಳ್ಳಿಯನ್ನು ಯಾರಾದರೂ ನೇರ ಬೆಂಕಿಯ ಕೆಳಗೆ ಇಡುತ್ತಾರಾ? ಕಾದರೆ ಹಾಳಾಗುವುದಿಲ್ಲವೇ?

"ಹಿಂದಿನ ಕಲ್ಲು! ಆ ಕಲ್ಲು ಉಳ್ಳಿಸು!"

ಅಮ್ಮ, ಅಕ್ಕ, ಕೊಟ್ಟೂರಜ್ಜಿ ಮೂವರೂ ಸೇರಿ ಮರದ ಕಡೆಯ ಗುಂಡುಕಲ್ಲು ಉರುಳಿಸಿದರು. ಕೊಟ್ಟೂರಜ್ಜಿ ಒಂದೇ ಏಟು ಹಾಕಿದಳು. ಟಣ್.

ಈ ಸಲ ಅದು ನನ್ನ ಮಡಕೆಯಲ್ಲ. ಹಿತ್ತಾಳೆಯ ಚೊಂಬು, ಬಾಯಿಗೆ ಮಣ್ಣು ಮೆತ್ತಿತ್ತು. ಒಡೆದರೆ ಒಳಗೆ ಪುಡಿಪುಡಿಯಾದ ಬಟ್ಟೆ. ಅದರೊಳಗೆ ಸುರುಳಿ ಸುತ್ತಿದ ಡಾಬು, ಕಾಗೆಯಷ್ಟು ಕಪ್ಪಾಗಿತ್ತು. ಕೊಟ್ಟೂರಜ್ಜಿ ಸೆರಗಿನಿಂದ ಒಂದು ಕಡೆ ಉಜ್ಜಿದಳು. ಎರಡು ನವಿಲು ಕಂಡವು.

ಕೊಟ್ಟೂರಜ್ಜಿ ಆ ನವಿಲುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಎದ್ದು, ಮಣ್ಣು ಕೈಯಲ್ಲೇ ನಮ್ಮಜ್ಜಿಯ ಹತ್ತಿರ ಹೋದಳು.

"ಅತ್ತಿಗಿ... ನಮ್ಮವ್ವಂದು. ಇಲ್ಲೇ ಇತ್ತು ನೋಡು. ನನ್ನ ಬಾಯಿಗೆ ಬೆಂಕಿ ಹಾಕ."

"ಒಲಿ ಆರಿಸ್ಯಾರ, ಎಲ್ಲಿಂದ ತರಲಿ ಬೆಂಕಿ?" ಅಂದಳು ನಮ್ಮಜ್ಜಿ. ಅಂದವಳೇ ಅತ್ತುಬಿಟ್ಟಳು. ಸೆರಗಿನ ಹುಣಸೆಬೀಜವೆಲ್ಲ ನೆಲಕ್ಕೆ ಸುರಿಯಿತು.

ಕೊಟ್ಟೂರಜ್ಜಿ ಡಾಬನ್ನು ತಾನೇ ಅಜ್ಜಿಯ ಸೊಂಟಕ್ಕೆ ಕಟ್ಟಿದಳು. ತೆಳ್ಳಗಿನ ಅಜ್ಜಿಗೆ ಅದು ಸಡಿಲವಾಗಿ ಜೋತುಬಿತ್ತು. "ಮದುವಿ ದಿನ ನೀನಾ ಇದನ್ನ ಹುಡುಗಿಗೆ ಕಟ್ಟಬೇಕು. ಮುಂದ ನಿಂತು" ಅಂದಳು. ಅಜ್ಜಿ ಒಂದು ಕೈಯಲ್ಲಿ ಡಾಬು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮೂಗು ಒರೆಸಿಕೊಂಡು ಹ್ಞೂಂ ಅಂದಳು. ನಾನು ಶಾಲೆಯ ಖೋಖೋ ಪಂದ್ಯದಲ್ಲಿ ಕಪ್ ಗೆದ್ದಿದ್ದೇನೆ, ಆದರೆ ಅಜ್ಜಿಯ ಆ ಹ್ಞೂಂ ಕೇಳಿದಾಗ ಎದೆ ಉಬ್ಬಿದಷ್ಟು ಆಗಲೂ ಉಬ್ಬಿರಲಿಲ್ಲ. ಈಗ ನೆನೆದರೂ ಉಬ್ಬುತ್ತದೆ.

ಅಲ್ಲಿಗೇ ದೇವಿ ಇಳಿದು ಹೋಗಿದ್ದರೆ ಚೆನ್ನಾಗಿತ್ತು. ಆದರೆ ಹೆಂಗಸರೆಲ್ಲ ನನ್ನ ಕಾಲಿಗೆ ಬೀಳುತ್ತಿದ್ದರು. ಮುಟ್ಟಿದರೆ ಸುಡುವ ಬಿಸಿನೀರಿನಂಥ ನಮ್ಮ ಶಾಲೆಯ ಗಣಿತದ ಟೀಚರಮ್ಮನೂ ಬಿದ್ದರು! ಇಂಥ ಅವಕಾಶ ಮತ್ತೆ ಸಿಗುತ್ತದಾ?

"ನನ್ನ ಹೊತ್ತ ಈ ಹುಡುಗಿಗೆ ತುಪ್ಪದ ಹೋಳಿಗಿ ಕೊಡ್ರಿ" ಅಂದೆ. ತಂದರು. ತಿಂದೆ.

"ಈ ಹುಡುಗಿಗೆ ಇನ್ನ ಯಾರೂ ಲೆಕ್ಕ ಕೇಳಬಾರ್ದು" ಅಂದೆ. ಟೀಚರಮ್ಮ ಆಗಲಿ ತಾಯಿ ಅಂದರು.

ಕುಂಕುಮ ಹಚ್ಚಲು ಬಂದ ನಮ್ಮಜ್ಜಿ ನನ್ನ ತೋಳು ಚಿವುಟಿ, ಕಿವಿಯಲ್ಲಿ "ಸಾಕು ಬಿಡಲೇ ಕಳ್ಳಿ" ಅಂದಳು. ನಾನು ಕೇಳಬೇಕಲ್ಲ!

"ಈ ಹುಡುಗಿಗೆ ಒಂದು ಸೈಕಲ್ ಕೊಡಿಸ್ರಿ! ಕೆಂಪಂದು! ಮುಂದ ಬುಟ್ಟಿ ಇರಬೇಕು! ಇಲ್ಲಂದ್ರ ಊರಿಗೆ ಮಳಿ ಇಲ್ಲ!"

"ಆಗಲಿ ತಾಯಿ" ಅಂತು ಹಿಂದಿನಿಂದ ಒಂದು ಗಂಡು ದನಿ. "ಗಾಲಿಗೆ ಗಾಳಿ ಎಷ್ಟು ಹಾಕಿಸಲಿ?"

ತಿರುಗಿದೆ. ಅಪ್ಪ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕುರಿ ಹೊಡೆಯುವ ಕೋಲು.

ಊರಮ್ಮ ಅಷ್ಟು ಬೇಗ ಯಾರ ಮೈಯಿಂದಲೂ ಇಳಿದದ್ದನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ.