ಪೊರ್ಬುಗಳು ಕುಳಿತ ದಿನ

ನಿಹಾಲ್, ಸಾನ್ವಿ, ನಿಮಗೆ ಪಕ್ಕದ ಮನೆಯ ಪೊರ್ಬುಗಳ ನಡಿಗೆ ನೆನಪಿದೆಯೇ? ಎರಡೂ ಕಾಲುಗಳನ್ನು ಅಗಲಿಸಿ, ಮೊಣಕಾಲನ್ನು ಸ್ವಲ್ಪ ಬಗ್ಗಿಸಿ, ನೆಲ ಈಗ ವಾಲುತ್ತದೆ ಎಂದು ಕಾದುಕೊಂಡಿರುವವರ ಹಾಗೆ ಅವರು ನಡೆಯುತ್ತಿದ್ದರು. ಕಾಪು ಪೇಟೆಯ ರಸ್ತೆ ವಾಲುವುದಿಲ್ಲ. ಆದರೆ ಹಡಗಿನಲ್ಲಿ ಕಲಿತ ನಡಿಗೆಯನ್ನು ಅವರ ಕಾಲು ಕೊನೆಯವರೆಗೂ ಬಿಡಲಿಲ್ಲ.

ನಿಹಾಲ್, ನೀನು ಚಿಕ್ಕವನಿದ್ದಾಗ ಹಟ ಹಿಡಿದು ಅತ್ತ ದಿನ ಅವರು ಸ್ನಾನದ ಟವೆಲನ್ನು ಸುರುಳಿ ಸುತ್ತಿ, ಮಡಚಿ, ಸೊಂಡಿಲು ಎಬ್ಬಿಸಿ ಆನೆ ಮಾಡಿ ಕೊಟ್ಟಿದ್ದರು. ಬಿಚ್ಚಿದರೆ ಆನೆ ಸಾಯುತ್ತದೆ ಎಂದು ನೀನು ಆ ದಿನ ಸ್ನಾನವನ್ನೇ ಮಾಡಲಿಲ್ಲ. ಅವರೇ ಆ ಪೊರ್ಬುಗಳು. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಹೀಗೆ ಕರೆಯುತ್ತೇವೆ, ಹೆಂಗಸರನ್ನು ಬಾಯಮ್ಮ ಎನ್ನುತ್ತೇವೆ. ಹೆಸರು ಹಿಡಿದು ಕರೆದ ಅಭ್ಯಾಸ ನನಗಿಲ್ಲ. ಹಾಗಾಗಿ ಇಲ್ಲಿಯೂ ಹೆಸರು ಬೇಡ.

ಮೊನ್ನೆ ಫೋನಿನಲ್ಲಿ ನಿಮ್ಮ ಅಮ್ಮ, ಈ ರಜೆಗೆ ಹಡಗಿನಲ್ಲಿ ಪ್ರವಾಸ ಹೋಗೋಣ, ಸಮುದ್ರದ್ದೋ ನದಿಯದ್ದೋ ನೀವೇ ಹೇಳಿ ಎಂದಳು. ಹಿಂದಿನಿಂದ, ಸಾನ್ವಿ, ನೀನು ‘ಸಮುದ್ರ, ಸಮುದ್ರ’ ಎಂದು ಕೂಗಿದ್ದು ಕೇಳಿಸಿತು. ನಾನು ನೆಟ್‌ವರ್ಕ್ ಸರಿ ಇಲ್ಲ ಎಂದು ಹೇಳಿ ಫೋನು ಇಟ್ಟೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ಕಾರ್ಕಳದ ಹತ್ತಿರದ ಹಳ್ಳಿ ಶಾಲೆಯಲ್ಲಿ ಕಲಿತಷ್ಟು ಬರವಣಿಗೆ ಮಾತ್ರ ಬರುತ್ತದೆ. ಉತ್ತರವನ್ನು ಅದರಲ್ಲೇ ಕೊಡುತ್ತೇನೆ.

ಪೊರ್ಬುಗಳು ಮೀಸೆ ಮೂಡುವ ವಯಸ್ಸಿನಲ್ಲಿ ಹಡಗು ಹತ್ತಿದವರು. ಮೊದಲು ಸಮುದ್ರದ ದೊಡ್ಡ ಪ್ರವಾಸಿ ಹಡಗು, ಆಮೇಲೆ ಸೊಂಟನೋವು ಶುರುವಾದಾಗ ಯುರೋಪಿನ ನದಿಗಳಲ್ಲಿ ಹೋಗುವ ಚಿಕ್ಕ ಹಡಗು. ಎರಡರಲ್ಲೂ ಒಂದೇ ಕೆಲಸ, ಸ್ಟೀವರ್ಡ್ ಎನ್ನುತ್ತಾರೆ. ಪ್ರವಾಸಿಗಳ ಕೋಣೆ ಗುಡಿಸಿ, ಹಾಸಿಗೆ ಹಾಸಿ, ಸಂಜೆ ಹಾಸಿಗೆಯ ಮೇಲೆ ಟವೆಲಿನ ಆನೆಯನ್ನೋ ಹಂಸವನ್ನೋ ಕೂರಿಸಿ ಬರುವುದು. ವರ್ಷದಲ್ಲಿ ಸ್ವಲ್ಪ ದಿನ ಊರಿಗೆ ಬರುತ್ತಿದ್ದರು. ಬಂದಾಗಲೂ ಕುಳಿತದ್ದನ್ನು ನಾನು ಕಂಡಿಲ್ಲ. ನಮ್ಮ ಜಗಲಿಗೆ ಬಂದರೆ ಕಂಬಕ್ಕೆ ಒರಗಿ ನಿಂತೇ ಚಹಾ ಕುಡಿಯುತ್ತಿದ್ದರು. “ಕುಳಿತುಕೊಳ್ಳಿ ಪೊರ್ಬುಗಳೇ” ಎಂದರೆ “ಇರಲಿ ಅಕ್ಕ, ಅಭ್ಯಾಸ ಉಂಟು” ಎನ್ನುತ್ತಿದ್ದರು.

ನಿವೃತ್ತರಾಗಿ ಬಂದ ಮೇಲೆ ಒಂದು ಮಾತು ಬಾಕಿ ಇತ್ತು. ಮದುವೆಯಾದ ಹೊಸದರಲ್ಲಿ ಬಾಯಮ್ಮನಿಗೆ ಕೊಟ್ಟ ಮಾತು. ಒಮ್ಮೆ ನಿನ್ನನ್ನು ಹಡಗಿನಲ್ಲಿ ಗೆಸ್ಟ್ ಮಾಡಿ ಕರೆದುಕೊಂಡು ಹೋಗುತ್ತೇನೆ ಎಂದು. ಅದಕ್ಕಾಗಿ ಹಣವನ್ನೂ ತೆಗೆದಿಟ್ಟಿದ್ದರು. ಆದರೆ ಯಾವ ಹಡಗು ಎನ್ನುವುದರಲ್ಲಿ ಗಂಡ ಹೆಂಡತಿಗೆ ಜಗಳ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹೊರಗೆ ಹೋಗುವುದನ್ನೇ ಬಿಟ್ಟಿದ್ದೆ. ಆ ಜಗಳ ಪ್ರತಿ ಸಂಜೆ ನಮ್ಮ ಜಗಲಿಗೇ ಬರುತ್ತಿತ್ತು.

“ನದಿಯೇ ಆಗಬೇಕು ಅಕ್ಕ. ಇವಳಿಗೆ ಉಡುಪಿ ಬಸ್ಸಿನಲ್ಲಿ ಕೂತರೇ ವಾಂತಿ. ಸಮುದ್ರದಲ್ಲಿ ಎಂತ ಗತಿ? ನದಿಯ ಹಡಗು ಅಲುಗುವುದೇ ಇಲ್ಲ. ಲೋಟದ ನೀರು ಲೋಟದಲ್ಲೇ ಇರ್ತದೆ. ದಿನಾ ಒಂದು ಪೇಟೆಯಲ್ಲಿ ನಿಲ್ಲಿಸ್ತಾರೆ, ಇಳಿದು ತಿರುಗಬಹುದು.”

“ಹೊಳೆ ನೋಡಲಿಕ್ಕೆ ಅಷ್ಟು ದೂರ ಹೋಗಬೇಕಾ?” ಎಂದು ಬಾಯಮ್ಮ ಮೂಗು ಮುರಿಯುತ್ತಿದ್ದರು. “ನಮ್ಮಲ್ಲಿ ಹೊಳೆ ಇಲ್ವಾ? ನನಗೆ ಸಮುದ್ರದ್ದೇ ಬೇಕು. ಇಷ್ಟು ವರ್ಷ ಇವರು ಎಲ್ಲಿ ಕಾಣೆಯಾಗಿದ್ದರು ಅಂತ ನನಗೆ ನೋಡಬೇಕು.”

“ಅಲ್ಲಿ ನೋಡಲಿಕ್ಕೆ ಎಂತ ಉಂಟು ಮಾರಾಯ್ತಿ? ಮಣಿಪಾಲದ ದೊಡ್ಡ ಬಿಲ್ಡಿಂಗನ್ನು ನೀರಿಗೆ ಇಳಿಸಿದ ಹಾಗೆ ಅದು. ಒಳಗೇ ಪೇಟೆ, ಒಳಗೇ ಸಿನೆಮಾ. ಸಮುದ್ರ ಉಂಟು ಅಂತಲೇ ಜನಕ್ಕೆ ಮರೆತುಹೋಗ್ತದೆ.”

“ಮರೆಯುವುದು ನಿಮಗೆ ಅಭ್ಯಾಸ. ನಾನು ಮರೆಯುವುದಿಲ್ಲ.”

ನಾನು ನಡುವೆ ಕುಳಿತು ನಗುತ್ತಿದ್ದೆ. ತೀರ್ಪು ಹೇಳಿ ಎಂದರೆ ಒಳಗೆ ಹೋಗಿ ಚಹಾ ಇಡುತ್ತಿದ್ದೆ. ಹೀಗೆ ಈ ವರ್ಷ ಬೇಡ, ಮುಂದಿನ ವರ್ಷ ಎಂದು ತಳ್ಳುತ್ತಾ ಬಂದರು. ಅಷ್ಟರಲ್ಲಿ ಬಾಯಮ್ಮನ ಕಾಲು ಊದಿಕೊಂಡಿತು, ಮುಖ ಊದಿಕೊಂಡಿತು. ಕಿಡ್ನಿ ಎರಡೂ ಸೋತಿವೆ ಎಂದರು. ಒಂದು ದಿನ ಬಿಟ್ಟು ಒಂದು ದಿನ ಮಣಿಪಾಲಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಹಾಗಿರುವವರನ್ನು ಯಾವ ಹಡಗಿಗೆ ಕರೆದುಕೊಂಡು ಹೋಗುವುದು?

ಜಗಳ ನಿಂತುಹೋಯಿತು. ಅದು ನಿಂತದ್ದೇ ನನಗೆ ಹೆಚ್ಚು ಸಂಕಟವಾಯಿತು.

ಆಸ್ಪತ್ರೆಗೆ ಎಷ್ಟೋ ಸಲ ನಾನೂ ಜೊತೆಗೆ ಹೋಗುತ್ತಿದ್ದೆ. ಹೋಗುವಾಗ ಒಂದು ಆಯಾಸ, ಬರುವಾಗ ಇನ್ನೊಂದು. ಬಾಯಮ್ಮ ಕಣ್ಣು ಮುಚ್ಚಿ ಮಲಗಿದ್ದರೆ ಪೊರ್ಬುಗಳು ಅವರ ಹಾಸಿಗೆಯ ಬಟ್ಟೆಯನ್ನು ಎಳೆದು ನೆರಿಗೆ ತೆಗೆಯುತ್ತಿದ್ದರು. ಆಮೇಲೆ ಪಕ್ಕದ ಹಾಸಿಗೆಯದ್ದು. ಆಮೇಲೆ ಅದರ ಪಕ್ಕದ್ದು. ಒಮ್ಮೆ ಯಾರೋ ಇವರನ್ನು ಆಸ್ಪತ್ರೆಯವರೇ ಎಂದುಕೊಂಡು “ಅಣ್ಣ, ಒಂದು ದಿಂಬು ಕೊಡಿ” ಎಂದರು. ಪೊರ್ಬುಗಳು ಎಲ್ಲಿಂದಲೋ ದಿಂಬು ತಂದು, ಎರಡು ಕೈಯಲ್ಲಿ ತಟ್ಟಿ ಉಬ್ಬಿಸಿ, ತಲೆ ಸ್ವಲ್ಪ ಬಗ್ಗಿಸಿ ಕೊಟ್ಟರು.

“ಸಿಸ್ಟರ್, ಇವರಿಗೆ ಸಂಬಳ ಕೊಡಿ” ಎಂದರು ಬಾಯಮ್ಮ, ಕಣ್ಣು ತೆರೆಯದೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. “ಲೋಕದವರ ಹಾಸಿಗೆ ಎಲ್ಲ ಹಾಸಿದರು ಅಕ್ಕ. ನನ್ನ ಪಕ್ಕದಲ್ಲಿ ಸುಮ್ಮನೆ ಕೂತದ್ದು ಇಲ್ಲ. ನನಗೆ ಹಡಗು ಎಂತಕ್ಕೆ? ಹಡಗಿಗೆ ಹೋದರೆ ಇವರೂ ಗೆಸ್ಟ್ ಆಗ್ತಾರಲ್ವಾ, ಕೂತುಕೊಳ್ಳಲೇಬೇಕಾಗ್ತದಲ್ವಾ, ಅದಕ್ಕೆ.”

ಈ ಮಾತನ್ನು ನಾನು ಪೊರ್ಬುಗಳಿಗೆ ಹೇಳಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ. ಬದಲಿಗೆ ಹೊರಗೆ ಬೆಂಚಿನ ಹತ್ತಿರ ಕಾಯುವಾಗ, ಅವರು ನಿಂತೇ ಇದ್ದಾಗ, ಕೇಳಿದೆ. “ಎರಡರಲ್ಲಿ ಯಾವುದು ಸುಖ ಪೊರ್ಬುಗಳೇ? ಸಮುದ್ರವೋ ನದಿಯೋ?”

“ಯಾರಿಗೆ ಅಕ್ಕ? ಗೆಸ್ಟಿಗಾ, ನನಗಾ?”

“ನಿಮಗೆ.”

ಅವರು ಬೆಂಚಿನ ಬೆನ್ನನ್ನು ಅಂಗೈಯಿಂದ ಒರೆಸಿದರು. “ಸಮುದ್ರದ ಹಡಗಿನಲ್ಲಿ ನಮಗೆ ಕಿಟಕಿ ಇಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ ಮಲಗುವುದು. ಹಗಲು ಯಾವುದು ರಾತ್ರಿ ಯಾವುದು ಗೊತ್ತಾಗುವುದಿಲ್ಲ. ಕೆಲಸ, ನಿದ್ದೆ, ಕೆಲಸ. ನದಿಯಲ್ಲಿ ಹಾಗಲ್ಲ. ಗೆಸ್ಟ್ ಕಡಿಮೆ, ಹೆಸರು ಹಿಡಿದು ಮಾತಾಡಿಸ್ತಾರೆ. ಒಳ್ಳೆಯ ಗಾಳಿ. ಆದರೆ ಎರಡೂ ದಡ ಕಾಣ್ತದೆ. ಒಂದು ಹೆಂಗಸು ಬಟ್ಟೆ ಒಣಗಲಿಕ್ಕೆ ಹಾಕ್ತಾ ಇರ್ತಾಳೆ. ಮಕ್ಕಳು ಕೈ ಬೀಸ್ತಾರೆ. ಸಮುದ್ರದಲ್ಲಿ ಮನೆಯನ್ನು ಮರೆಯಬಹುದು ಅಕ್ಕ. ನದಿ ಮರೆಯಲಿಕ್ಕೆ ಬಿಡುವುದಿಲ್ಲ.”

ಇದಾದ ಕೆಲವು ದಿನಗಳಿಗೆ, ಆಸ್ಪತ್ರೆ ಇಲ್ಲದ ಒಂದು ಬೆಳಿಗ್ಗೆ, ಅವರು ನಮ್ಮ ಅಂಗಳದಲ್ಲಿ ಬಂದು ನಿಂತರು. ಇಸ್ತ್ರಿ ಹಾಕಿದ ಬಿಳಿ ಅಂಗಿ. “ಅಕ್ಕ, ಒಳ್ಳೆಯ ಸೀರೆ ಉಟ್ಟು ಬನ್ನಿ. ಹಡಗು ಬಂದಿದೆ.”

ನಾನು ಬರುವುದಿಲ್ಲ ಎಂದೆ. ಬಾಯಮ್ಮ ಕಾರಿನ ಒಳಗಿನಿಂದ ಕೂಗಿದರು. “ಬನ್ನಿ ಮಾರಾಯ್ರೆ, ಇವರೊಬ್ಬರನ್ನು ನನಗೆ ಸುಧಾರಿಸಲಿಕ್ಕೆ ಆಗುವುದಿಲ್ಲ.”

ಮಲ್ಪೆ ದಾಟಿ, ಸ್ವರ್ಣಾ ನದಿಯ ದಡಕ್ಕೆ ಹೋದೆವು. ಅಲ್ಲಿ ಪ್ರವಾಸಿಗಳನ್ನು ಸುತ್ತಿಸುವ ಬೋಟ್‌ಹೌಸ್ ಒಂದನ್ನು ಪೊರ್ಬುಗಳು ಮಾತಾಡಿ ಇಟ್ಟಿದ್ದರು. ಹೊಳೆಯಲ್ಲೇ ಇಳಿದು ಅಳಿವೆಯವರೆಗೆ, ಅಂದರೆ ಹೊಳೆ ಕಡಲಿಗೆ ಸೇರುವ ಜಾಗದವರೆಗೆ ಹೋಗಿ ಬರುವುದು. “ಇಬ್ಬರ ಜಗಳವೂ ತೀರಿತು. ನದಿಯೂ ಆಯ್ತು, ಸಮುದ್ರವೂ ಆಯ್ತು” ಎಂದರು. ಒಳಗಿನ ಮಂಚದ ಮೇಲೆ ಬಿಳಿ ಟವೆಲಿನ ಆನೆ ಕುಳಿತಿತ್ತು. ಬೆಳಿಗ್ಗೆಯೇ ಬಂದು ಕೂರಿಸಿ ಹೋಗಿದ್ದರು ಎಂದು ಕಾಣುತ್ತದೆ. ಬಾಯಮ್ಮ ಅದರ ಸೊಂಡಿಲನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು.

ಬೋಟು ಹೊರಟಿತು. ಎರಡೂ ದಡದಲ್ಲಿ ತೆಂಗು, ಬಲೆ ಒಣಗಿಸಿದ ಅಂಗಳ, ಬಟ್ಟೆ ಒಗೆಯುವ ಕಲ್ಲು. ಬಾಯಮ್ಮನಿಗೆ ದಿನಕ್ಕೆ ಇಷ್ಟೇ ನೀರು ಕುಡಿಯಬೇಕು ಎಂದು ಡಾಕ್ಟರು ಕಟ್ಟಳೆ ಹಾಕಿದ್ದರು. ಅವರು ಹೊಳೆಯನ್ನೇ ನೋಡುತ್ತಾ “ಎಷ್ಟು ನೀರು ನೋಡಿ ಅಕ್ಕ, ನನಗೆ ಮಾತ್ರ ಅಳತೆಯದ್ದು” ಎಂದು ನಕ್ಕರು.

ಪೊರ್ಬುಗಳು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ನಮಗೆ ಕುರ್ಚಿ ಸರಿಮಾಡಿದರು, ಬಿಸಿಲು ಬೀಳುತ್ತದೆಂದು ಪರದೆ ಎಳೆದರು. ಬೋಟಿನ ಅಡುಗೆಯವನು ಗಂಜಿ ಊಟಕ್ಕೆ ಬಂಗುಡೆ ಗಸಿ ತಂದರೆ ಅವನ ಕೈಯಿಂದಲೇ ತಟ್ಟೆ ಕಸಿದುಕೊಂಡರು. ಅವನಿಗೆ ಗಾಬರಿ. “ಪೊರ್ಬುಗಳೇ, ನೀವು ಗೆಸ್ಟ್ ಅಲ್ವಾ? ಕೂತುಕೊಳ್ಳಿ. ನಮ್ಮ ಹೊಟ್ಟೆಗೆ ಹೊಡೀಬೇಡಿ.” ಇವರು “ಇರಲಿ, ಅಭ್ಯಾಸ ಉಂಟು” ಎಂದು ಬಡಿಸಿಯೇಬಿಟ್ಟರು. ತಟ್ಟೆ ಎಡದಿಂದ ಇಡಬೇಕೋ ಬಲದಿಂದಲೋ ಎಂದು ಅವನಿಗೆ ಹೇಳಿಕೊಟ್ಟರು. ನಾನು ಬಾಯಮ್ಮನ ಮುಖ ನೋಡಿದೆ. ಅವರ ಪಕ್ಕದ ಕುರ್ಚಿ ಖಾಲಿ. ದಾರಿ ಅರ್ಧ ಮುಗಿದಿತ್ತು. ಹೀಗೆಯೇ ಈ ದಿನವೂ ಮುಗಿದುಹೋಗುತ್ತದೆ ಎಂದುಕೊಂಡೆ.

ಆಗ ಬಾಯಮ್ಮ ಕೈ ಎತ್ತಿದರು. ನಾನು ಎಂದೂ ಕೇಳದ ಒಂದು ದೊಡ್ಡ ಜನರ ಸ್ವರದಲ್ಲಿ, “ಸ್ಟೀವರ್ಡ್!” ಎಂದರು.

ಪೊರ್ಬುಗಳ ಬೆನ್ನು ತಾನಾಗಿ ನೆಟ್ಟಗಾಯಿತು. “ಯೆಸ್ ಮೇಡಂ” ಎಂದುಬಿಟ್ಟರು.

“ಗೆಸ್ಟ್ ಹೇಳಿದ್ದಕ್ಕೆ ಇಲ್ಲ ಅನ್ನಬಾರದು. ನಿಮ್ಮ ಹಡಗಿನ ಕಾನೂನು ಅಲ್ವಾ ಅದು?”

“ಹೌದು.”

“ಹಾಗಾದರೆ ಇಲ್ಲಿ ಬನ್ನಿ. ಈ ಕುರ್ಚಿಯಲ್ಲಿ ಕೂತುಕೊಳ್ಳಿ. ನಾನು ಏಳಿ ಅನ್ನುವವರೆಗೆ ಏಳಬಾರದು.”

ಪೊರ್ಬುಗಳು ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನನ್ನು ನೋಡಿದರು. ನಾನು ಎದ್ದು ತಟ್ಟೆ ತೆಗೆದುಕೊಂಡೆ. ಅವರು ಕುರ್ಚಿಯ ತುದಿಯಲ್ಲಿ ಕುಳಿತರು. ಬಾಯಮ್ಮ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಬೆನ್ನು ಒರಗಿತು. ಹೊಳೆಯ ಗಾಳಿ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ನೋಡಿದರೆ ಅವರ ತಲೆ ಬಾಯಮ್ಮನ ಹೆಗಲ ಮೇಲೆ. ಗಾಢ ನಿದ್ದೆ.

ಅಳಿವೆ ಬಂತು. ಒಂದು ಕಡೆ ಹೊಳೆಯ ಹಸಿರು ನೀರು, ಇನ್ನೊಂದು ಕಡೆ ಕಡಲಿನ ಅಲೆ. ನಡುವೆ ನೊರೆಯ ಗೆರೆ. ದೂರದಲ್ಲಿ ಮಲ್ಪೆಯ ದೋಣಿಗಳು. ಇದನ್ನು ತೋರಿಸಲಿಕ್ಕೆಂದೇ ಕರೆದುಕೊಂಡು ಬಂದವರಲ್ಲವೇ? ನಾನು ಎಬ್ಬಿಸಲು ಕೈ ಚಾಚಿದೆ. ಬಾಯಮ್ಮ ತಲೆ ಅಲ್ಲಾಡಿಸಿದರು.

“ಮಲಗಲಿ ಅಕ್ಕ. ಎಷ್ಟು ವರ್ಷದ ನಿದ್ದೆಯೋ ಅದು.”

ಬೋಟು ತಿರುಗಿ ದಡಕ್ಕೆ ಬರುವವರೆಗೂ ಅವರು ಹೆಗಲು ಅಲುಗಿಸಲಿಲ್ಲ. ಅದೇ ಕಡೆಯ ಕೈಗೆ ಡಯಾಲಿಸಿಸ್ಸಿನ ಸೂಜಿ ಹಾಕುತ್ತಿದ್ದದ್ದು. ನೋಯುತ್ತಿತ್ತು ಎಂದು ನನಗೆ ಗೊತ್ತು. ಪೊರ್ಬುಗಳು ಎಚ್ಚರವಾಗಿ, ಬಾಯಿ ಒರೆಸಿಕೊಂಡು, “ನೋಡಿದೆಯಾ? ಯಾವುದು ಒಳ್ಳೇದು ಹೇಳು, ನದಿಯಾ ಸಮುದ್ರವಾ?” ಎಂದು ಕೇಳಿದರು.

“ಎಂತ ನೋಡುವುದು? ನಿಮ್ಮ ಗೊರಕೆಯಲ್ಲಿ ಎರಡೂ ಒಂದೇ ಹಾಗೆ ಕಂಡಿತು” ಎಂದರು ಬಾಯಮ್ಮ. ಕಾರಿನಲ್ಲಿ ಕಾಪು ಬರುವವರೆಗೂ ನಗುತ್ತಿದ್ದರು.

ಮುಂದಿನ ಕ್ರಿಸ್‌ಮಸ್ಸಿಗೆ ಬಾಯಮ್ಮ ಇರಲಿಲ್ಲ.

ಆಮೇಲೆ ಪೊರ್ಬುಗಳು ಸಂಜೆ ನಮ್ಮ ಜಗಲಿಗೆ ಬಂದು ಕಂಬಕ್ಕೆ ಒರಗುತ್ತಿದ್ದರು. ನಾನು ಚಹಾ ತಂದು, ಒಂದು ದಿನ, ನಾಚಿಕೆ ಬಿಟ್ಟು, ಬಾಯಮ್ಮನ ಮಾತನ್ನೇ ಎತ್ತಿ, “ಗೆಸ್ಟ್ ಹೇಳಿದರೆ ಇಲ್ಲ ಅನ್ನಬಾರದು ಪೊರ್ಬುಗಳೇ” ಎಂದೆ. ಅವರು ನನ್ನನ್ನು ನೋಡಿದರು, ಕುಳಿತರು. ಅಂದಿನಿಂದ ಕುಳಿತೇ ಚಹಾ ಕುಡಿದರು. ನಾವಿಬ್ಬರೂ ಹೆಚ್ಚು ಮಾತನಾಡುತ್ತಿರಲಿಲ್ಲ. ಒಬ್ಬರನ್ನು ಕಳೆದುಕೊಂಡವರಿಗೆ ಇನ್ನೊಬ್ಬರ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳುವುದೂ ಒಂದು ಆಸರೆ ಎಂದು ನಾನು ತಿಳಿದದ್ದು ಅಲ್ಲಿ.

ಕಳೆದ ವರ್ಷ ಅವರೂ ಹೋದರು. ಅದಕ್ಕೆ ಸ್ವಲ್ಪ ಮೊದಲು ನಾನು ಆಸ್ಪತ್ರೆಗೆ ನೋಡಲು ಹೋದಾಗ ನರ್ಸ್ ಒಬ್ಬಳು ಅವರ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ಪೊರ್ಬುಗಳಿಗೆ ಮಾತನಾಡಲು ಶಕ್ತಿ ಇರಲಿಲ್ಲ. ಆದರೂ “ನಿನ್ನ ಹೆಸರೇನು ಮಗಳೇ?” ಎಂದು ಅವಳನ್ನು ಕೇಳಿದರು. ಅವಳು ಹೇಳಿದ ಹೆಸರನ್ನು ಸೇರಿಸಿ ‘ಥ್ಯಾಂಕ್ಯೂ’ ಹೇಳಿದರು. ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು.

ಮಕ್ಕಳೇ, ನನಗೆ ಈಗ ಎಲ್ಲಿಗೂ ಹೋಗುವ ಉತ್ಸಾಹವಿಲ್ಲ. ಬಸ್ ನಿಲ್ದಾಣಕ್ಕೆ ನಡೆದರೇ ದಣಿವಾಗುತ್ತದೆ. ಆದರೂ ನೀವು ಕರೆದರೆ ಬರುತ್ತೇನೆ. ಸಮುದ್ರವಾದರೂ ಸರಿ, ನದಿಯಾದರೂ ಸರಿ, ನಿಮ್ಮಲ್ಲೇ ಜಗಳವಾಡಿ ತೀರ್ಮಾನಿಸಿ. ಜಗಳವನ್ನು ಮಾತ್ರ ಮುಂದಿನ ವರ್ಷಕ್ಕೆ ಎಳೆಯಬೇಡಿ. ನಿಮ್ಮ ಅಮ್ಮನಿಗೆ ಹೇಳಿ, ಅವಳು ಫೋನು ಬದಿಗಿಟ್ಟು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು. ಅವಳಿಗೆ ನಿದ್ದೆ ಬಂದರೆ ನಾನು ಎಬ್ಬಿಸುವುದಿಲ್ಲ.

ಈ ಹಾಳೆಗಳನ್ನು ಓದಿ ಎಲ್ಲೋ ಎಸೆಯಬೇಡಿ. ಟವೆಲಿನ ಆನೆಯನ್ನು ಮರುದಿನ ಬಿಚ್ಚಲೇಬೇಕು, ಒದ್ದೆ ಮೈ ಒರೆಸಲು ಬೇಕಲ್ಲ. ಈ ಕಾಗದವನ್ನು ಬಿಚ್ಚುವ ಅಗತ್ಯ ಯಾರಿಗೂ ಇಲ್ಲ. ಹೀಗೆಯೇ ಮಡಚಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.