ಮುಗಿಲ ಬಣ್ಣದ ಉಲನ್

ಬಿಚ್ಚಿದ ಉಲನ್ ನೋಡಿದ್ದೀರಾ? ಹೆಣೆದ ಸ್ವೆಟರಿನ ಒಂದು ಎಳೆ ಹಿಡಿದು ಬಿಚ್ಚುತ್ತ ಹೋದರೆ ಕೈಗೆ ಬರುವ ದಾರ ನೆಟ್ಟಗಿರುವುದಿಲ್ಲ. ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ, ತಾನೊಮ್ಮೆ ತೋಳಾಗಿದ್ದೆ, ತಾನೊಮ್ಮೆ ಕೊರಳಾಗಿದ್ದೆ ಎಂದು ಗೇಣು ಗೇಣಿಗೂ ಸಾಕ್ಷಿ ಹೇಳುತ್ತ ಬರುತ್ತದೆ. ಅದನ್ನು ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ, ತುದಿಗೊಂದು ಭಾರ ಕಟ್ಟಿ ನೇತುಹಾಕಿದರೆ ಹಿಂದಿನದನ್ನೆಲ್ಲ ಮರೆತು, ಈಗಷ್ಟೇ ಅಂಗಡಿಯಿಂದ ಬಂದ ಹಾಗೆ ಸಾಧುವಾಗಿ ನಿಲ್ಲುತ್ತದೆ. ನನ್ನ ನೆನಪುಗಳಿಗೆ ಇಷ್ಟು ಉಪಚಾರವೂ ಬೇಕಾಗುವುದಿಲ್ಲ. ನಡೆದಾಗ ಸಿಕ್ಕುಸಿಕ್ಕಾಗಿದ್ದವು, ನಾಲ್ಕು ಜನರ ಮುಂದೆ ನಾಲ್ಕು ಸಲ ಹೇಳುವಷ್ಟರಲ್ಲಿ ತಾವಾಗಿಯೇ ನೆಟ್ಟಗಾಗಿಬಿಡುತ್ತವೆ. ಆದ್ದರಿಂದ ಈಗ ಹೇಳುವುದರಲ್ಲಿ ದಾರ ಎಲ್ಲಿ ತೀರ ನೆಟ್ಟಗೆ ಕಂಡಿತೋ ಅಲ್ಲಿ ನೀವು ಸ್ವಲ್ಪ ಅನುಮಾನ ಪಡಬೇಕು. ನಾನಂತೂ ಪಡುತ್ತೇನೆ.

ಎಂಬತ್ತರ ದಶಕದ ನಡುವಿನ ಒಂದು ಆಷಾಢ. ನಾನು ಹುಬ್ಬಳ್ಳಿಯಲ್ಲಿ ಬಿ.ಎ. ಮುಗಿಸಿ, ಅರ್ಜಿ ಹಾಕಿದ ಕಡೆಯಿಂದೆಲ್ಲ ಉತ್ತರ ಕಾಯುತ್ತ, ನಮ್ಮೂರಾದ ಸಂಶಿಯ ಮನೆಯಲ್ಲಿ ಕೂತಿದ್ದೆ. ಕೂತವನ ಎರಡು ಕೈಗಳಿಗೆ ಕೆಲಸ ಹುಡುಕಿದವಳು ನೀಲವ್ವತ್ತಿ, ಅಂದರೆ ನಮ್ಮಪ್ಪನ ತಂಗಿ. ಅಂಗೈಗಳನ್ನು ಎದುರುಬದುರು ಹಿಡಿದು ನಾನು ಕೂಡಬೇಕು. ಅವಳು ಬಿಚ್ಚಿದ ಉಲನ್ನನ್ನು ಅವುಗಳ ಸುತ್ತ ಸುತ್ತಿ ಲಡಿ ಮಾಡುತ್ತಾಳೆ. ಮೂಗು ತುರಿಸಿದರೂ ತುರಿಸಿಕೊಳ್ಳುವಂತಿಲ್ಲ. ಪದವೀಧರನೊಬ್ಬ ಗೂಟವಾಗುವುದರಲ್ಲಿ ಏನೋ ಒಂದು ನೆಮ್ಮದಿ ಇದೆ ಎಂದು ನಾನು ಅರಿತದ್ದು ಆಗಲೇ.

ಆ ಉಲನ್ ಒಂದು ಕಾಲಕ್ಕೆ ಬಿಳಿ ಸ್ವೆಟರಾಗಿತ್ತು. ದುಮ್ಮವಾಡದ ಗಂಡನ ಮನೆಯಲ್ಲಿದ್ದಾಗ ಅತ್ತಿ ಗಂಡನಿಗೆಂದು ಹೆಣೆದದ್ದು. ಆತ ಒಂದೇ ಒಂದು ದಿನ ಹಾಕಿಕೊಂಡು, ಮೈ ಕಡಿಯುತ್ತದೆ ಎಂದು ತೆಗೆದಿಟ್ಟನಂತೆ. ಏಳು ವರ್ಷದ ಸಂಸಾರ ಬಿಟ್ಟು ತವರಿಗೆ ಬಂದಾಗ ಅತ್ತಿ ಟ್ರಂಕಿನಲ್ಲಿ ಅದನ್ನೂ ತಂದಿದ್ದಳು. ಯಾಕೆ ಬಂದಳು ಎಂಬುದಕ್ಕೆ ಊರು ಹಲವು ಕಾರಣ ಕೊಟ್ಟಿತು. ಅತ್ತಿ ಒಂದನ್ನೂ ಕೊಡಲಿಲ್ಲ. ಕಾರಣ ಸಿಗದ ಊರು ಅವಳಿಗೆ ಒಂದು ಗುರುತು ಹಚ್ಚಿತು. ನಮ್ಮಲ್ಲಿ ಹೆಂಗಸರನ್ನು ಹೆಸರಿಗಿಂತ ಗುರುತಿನಿಂದ ಕರೆಯುವುದೇ ಹೆಚ್ಚು: ಅಗಸಿ ಬಾಜೂದಾಕಿ, ಹೊಸಮನಿಯಾಕಿ, ಹಿಟ್ಟಿನ ಗಿರಣಿಯಾಕಿ. ಅತ್ತಿಗೆ ಸಿಕ್ಕದ್ದು ‘ಬಂದಾಕಿ’. ಬರುವುದು ಒಂದು ದಿನದ ಕೆಲಸ. ಎತ್ತಿನ ಗಾಡಿಯಲ್ಲಿ ಬಂದರೂ ಸಂಜೆಗೆ ಮುಗಿಯುತ್ತದೆ. ಅತ್ತಿ ಆರು ವರ್ಷದಿಂದ ಬರುತ್ತಲೇ ಇದ್ದಳು. ಬಂದು ತಲುಪಿದಳು ಎಂದು ಒಬ್ಬರೂ ಒಪ್ಪಲು ತಯಾರಿರಲಿಲ್ಲ.

ಹೀಗಿರುವಾಗ ನಮ್ಮೂರ ಹೆಣ್ಣುಮಕ್ಕಳ ಶಾಲೆಗೆ, ನಮ್ಮ ಮಾತಿನ ಸಾಲಿಗೆ, ಮೈಸೂರು ಕಡೆಯ ಒಬ್ಬ ಅಕ್ಕೋರು ವರ್ಗವಾಗಿ ಬಂದರು. ಕಲಿಸುವ ಹೆಂಗಸು ಯಾರೇ ಇರಲಿ, ನಮ್ಮ ಕಡೆ ಅಕ್ಕೋರೇ. ಹುಡುಗಿಯರಿಗೆ ವಾರಕ್ಕೆರಡು ದಿನ ಹೆಣಿಗೆ ಕಲಿಸುವವರೊಬ್ಬರು ಬೇಕೆಂದು ಅವರು ಸಾಲಿಯ ಕಮಿಟಿಯ ಹಿರಿಯರಿಗೆ ಹೇಳಿದ್ದರು, ಹಿರಿಯರು ಮೊದಲು ಕೆಲಸ ನೋಡೋಣ ಎಂದಿದ್ದರು. ಅಕ್ಕೋರು ನೇರವಾಗಿ ನಮ್ಮ ಮನೆಗೆ ಬಂದು, ತಮಗೊಂದು ಸ್ವೆಟರ್ ಹೆಣೆದುಕೊಡಬೇಕೆಂದೂ, ಪಂಚಮಿ ಮುಗಿದ ಮೇಲೆ ಕೂಡುವ ಕಮಿಟಿಗೆ ಅದನ್ನೇ ತೊಟ್ಟುಕೊಂಡು ಹೋಗುವೆನೆಂದೂ ಅತ್ತಿಗೆ ಹೇಳಿದರು. ಮಾತಿಗೊಮ್ಮೆ ಅವಳನ್ನು ನೀಲಮ್ಮ ನೀಲಮ್ಮ ಎನ್ನುತ್ತಿದ್ದರು. ಅತ್ತಿ ಪ್ರತಿ ಸಲವೂ, ಇನ್ನ್ಯಾರೋ ಬಂದರೇನೋ ಎಂಬಂತೆ ಹಿಂದೆ ನೋಡುತ್ತಿದ್ದಳು. ಹುಬ್ಬಳ್ಳಿಯಿಂದ ಉಲನ್ ತರಿಸಿಕೊಡಲೇ ಎಂದು ಅವರು ಕೇಳಿದಾಗ ಮಾತ್ರ ಅತ್ತಿ ಚುರುಕಾಗಿ, ಉಲನ್ ನನ್ನ ಹತ್ತಿರವೇ ಇದೆ, ಬಣ್ಣ ಯಾವುದು ಬೇಕು ಅಷ್ಟು ಹೇಳಿರಿ ಎಂದಳು. ಅಕ್ಕೋರು, ಮುಗಿಲು ಬಣ್ಣ, ಎಂದರು.

ಅವರು ಹೋದ ಮೇಲೆ ಅತ್ತಿ ಟ್ರಂಕಿನ ಬೀಗ ತೆಗೆದಳು. ಆ ಸ್ವೆಟರನ್ನು ಬಿಚ್ಚುವಾಗ ಅವಳ ಕಣ್ಣು ತೇವವಾದವು ಎಂದು ಬರೆದರೆ ಈ ಜಾಗಕ್ಕೆ ಚೆನ್ನಾಗಿ ಒಪ್ಪುತ್ತದೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಗಂಟು ಸಿಕ್ಕಲ್ಲಿ ಹಲ್ಲಿನಿಂದ ಕಡಿಯುತ್ತಿದ್ದಳು, ಕಡಿದಾಗೆಲ್ಲ ಸ್ವಲ್ಪ ಹುರುಪಾಗುತ್ತಿದ್ದಳು.

ಲಡಿ ಆರಾದವು. ಟ್ರಂಕಿನಲ್ಲಿ ಇದ್ದೂ ಇದ್ದೂ ಬಿಳಿಯೆಂಬುದು ಹಳದಿಗೆ ತಿರುಗಿತ್ತು. ಅಂಟುವಾಳದ ನೊರೆಯಲ್ಲಿ ತೊಳೆದು, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ನಮ್ಮವ್ವನ ಅತಿ ದೊಡ್ಡ ಬೋಗುಣಿಯನ್ನು ಅದರ ಮೇಲಿಟ್ಟಾಯಿತು. ಆ ಬೋಗುಣಿಯಲ್ಲಿ ಇನ್ನು ಮುಂದೆ ನೀವು ನೀಲಿ ಅನ್ನ ಉಣ್ಣುತ್ತೀರಿ ಎಂದು ಅವ್ವ ಮೊದಲೇ ಎಚ್ಚರಿಕೆ ಕೊಟ್ಟಳು. ನೀಲಿ ಪುಡಿಯ ಪೊಟ್ಟಣ ಸಂತೆಯಿಂದ ತಂದವನು ನಾನು. ನನಗೊಬ್ಬ ಅಣ್ಣನಿದ್ದಾನೆ, ಅವನೂ ತಂದವನು ತಾನೇ ಎನ್ನುತ್ತಾನೆ. ಬಹುಶಃ ಎರಡು ಪೊಟ್ಟಣಗಳಿದ್ದವು.

ಉಲನ್ನಿಗೆ ಬಣ್ಣ ಹಾಕುವುದು ಅರಿವೆಗೆ ಹಾಕಿದಂತಲ್ಲ. ಕುದಿಸಬಾರದು, ಕೈಗೆ ಸುಡುವಷ್ಟು ಕಾಯಿಸಿ ಅಲ್ಲಿಗೇ ನಿಲ್ಲಿಸಬೇಕು. ಕೋಲಿನಿಂದ ಕಲಕಬಾರದು, ಮಲಗಿದವರ ಮಗ್ಗುಲು ಬದಲಿಸಿದಂತೆ ಹೊರಳಿಸಬೇಕು. ಬಿಸಿಯಿಂದ ತೆಗೆದು ತಣ್ಣೀರಿಗೆ ಹಾಕಬಾರದು, ಹಾಕಿದರೆ ಸಿಟ್ಟಿಗೆದ್ದು ಗಂಟುಕಟ್ಟಿ ಕಂಬಳಿಯ ತುಂಡಾಗುತ್ತದೆ. ನೀರಿಗೆ ಹುಣಸೆಹುಳಿ ಹಿಂಡಿದರೆ ಬಣ್ಣ ಗಟ್ಟಿಯಾಗಿ ಹಿಡಿಯುತ್ತದೆ. ಇದನ್ನೆಲ್ಲ ಅತ್ತಿ ಎಲ್ಲಿ ಕಲಿತಳೋ ತಿಳಿಯದು. ಕೇಳಿದರೆ, ಉಲನ್ನೇ ಹೇಳುತ್ತದೆ, ಕೇಳಿಸಿಕೊಳ್ಳಬೇಕು ಎನ್ನುತ್ತಿದ್ದಳು.

ಮೊದಲ ಲಡಿ ಗಿಳಿಯಾಗಿ ಹೊರಬಂತು. ಒಳಗೆ ಕೂತಿದ್ದ ಹಳದಿಗೆ ನೀಲಿ ಸೇರಿದರೆ ಇನ್ನೇನಾಗಬೇಕು? ಅವ್ವ, ಇದಕ್ಕೊಂದು ಪಂಜರ ತಾ ಎಂದು ನನಗೆ ಹೇಳಿದಳು. ಅತ್ತಿ ನಗಲಿಲ್ಲ. ಇನ್ನಷ್ಟು ಪುಡಿ, ಇನ್ನಷ್ಟು ಹುಳಿ. ಅರ್ಧ ತಾಸಿಗೆ ಹಸಿರು ಸೋತಿತು. ಆಗ ಎದ್ದಿತು ನೋಡಿ ನಿಜವಾದ ತಕರಾರು. ಮುಗಿಲು ಎಷ್ಟು ನೀಲಿ?

ನಮ್ಮ ಕಡೆ ಬಣ್ಣಗಳೆಲ್ಲ ಅಡುಗೆಮನೆಯಿಂದ, ಹೊಲದಿಂದ ಹುಟ್ಟಿದವು. ಬದನೀಕಾಯಿ ಬಣ್ಣ, ಉಳ್ಳಾಗಡ್ಡಿ ಬಣ್ಣ, ಇಟ್ಟಂಗಿ ಬಣ್ಣ: ಸಂಶಯ ಬಂದರೆ ಒಂದು ಬದನೀಕಾಯಿ ತಂದು ಬಾಜೂಕ ಇಟ್ಟು ನೋಡಬಹುದು. ಮುಗಿಲನ್ನು ತಂದು ಬಾಜೂಕ ಇಡುವುದು ಹೇಗೆ? ತಲೆಯೆತ್ತಿ ನೋಡೋಣವೆಂದರೆ ಆಷಾಢ. ಹದಿನೈದು ದಿನದಿಂದ ಊರ ಮೇಲೆ ಮೋಡ ಮುಚ್ಚಿ, ಗಾಳಿ ಬೀಸಿ, ತುಂತುರು ಉದುರಿ, ನೀಲಿ ಎಂಬುದರ ಸುಳಿವೇ ಇರಲಿಲ್ಲ. ಹೀಗಾಗಿ ನಾವು ಮೂವರು, ಆಮೇಲೆ ಗೋಡೆಯಾಚೆಯಿಂದ ಇಣುಕಿದವರು ಒಬ್ಬಿಬ್ಬರು, ಕಾಣದ ಮುಗಿಲನ್ನು ನೆನಪಿನಿಂದ ಬೋಗುಣಿಗೆ ಇಳಿಸತೊಡಗಿದೆವು. ಅವ್ವನದು ಸುಗ್ಗಿಯ ನಡುಮಧ್ಯಾಹ್ನದ ಮುಗಿಲು, ಬೆಳ್ಳಗೆ, ಕಣ್ಣು ಕುಕ್ಕುವಂಥದು. ನನ್ನದು ಹುಬ್ಬಳ್ಳಿಯ ಹಾಸ್ಟೆಲಿನ ಕಿಟಕಿಯಿಂದ ಕಂಡದ್ದು, ಪರೀಕ್ಷೆಯ ಕಾಲದ್ದು, ಆದ್ದರಿಂದ ಅಗತ್ಯಕ್ಕಿಂತ ಹೆಚ್ಚು ಸುಂದರ. ಅತ್ತಿ ಯಾರ ಮುಗಿಲನ್ನೂ ಒಪ್ಪದೆ ತನ್ನದೊಂದನ್ನು ಹಿಡಿದು ಕೂತಿದ್ದಳು. ಅದು ಎಲ್ಲಿಯದು, ಯಾವಾಗಿನದು ಎಂದು ಹೇಳಲಿಲ್ಲ. ಲಡಿಯನ್ನು ಎತ್ತುವಳು, ಕಣ್ಣು ಮುಚ್ಚುವಳು, ತೆರೆಯುವಳು, ಮತ್ತೆ ಮುಳುಗಿಸುವಳು. ಕೊನೆಗೆ ಬೋಗುಣಿಯ ನೀರು ತಾನೇ ತಿಳಿಯಾಯಿತು. ಇದ್ದಷ್ಟು ಬಣ್ಣವನ್ನೂ ಉಲನ್ ಕುಡಿದುಬಿಟ್ಟಿತ್ತು. ಆರೂ ಲಡಿಗಳನ್ನು ಸೂರಿನಡಿಯ ಹಗ್ಗಕ್ಕೆ ಹಾಕಿದಾಗ ಆ ಬೂದಿ ಹಗಲಿನಲ್ಲಿ ನಮ್ಮ ಹಿತ್ತಲಿಗಷ್ಟೇ ಮಳೆಗಾಲ ಮುಗಿದಂತಿತ್ತು.

ಹೆಸರೇ ನೀಲವ್ವ, ಹದ ತಪ್ಪುವುದು ಹೇಗೆ ಎಂದು ನಾನು ಹೇಳಿದ್ದಕ್ಕೆ ಅತ್ತಿ ಅಂದು ಮೊದಲ ಸಲ ನಕ್ಕಳು. ಸರಿಯಾಗಿ ಆಗಲೇ ಅಕ್ಕೋರು ಬಂದರು ಎಂದು ನೆನಪು ಹೇಳುತ್ತದೆ. ಇಷ್ಟು ಸರಿಯಾಗಿ ಯಾರೂ ಬರುವುದಿಲ್ಲ, ಮರುದಿನ ಬಂದಿರಬೇಕು. ಲಡಿಗಳಂತೂ ಹಗ್ಗದ ಮೇಲೆಯೇ ಇದ್ದವು. ಅವರು ಒಂದನ್ನು ಮುಟ್ಟಿ ನೋಡಿ, ಬಹಳ ಮೃದುವಾಗಿ ಹೇಳಿದರು:

“ಮುಗಿಲು ಬಣ್ಣ ಅಂದಿದ್ದೆನಲ್ಲ ನೀಲಮ್ಮ, ಇದು ನೀಲಿ ಆಯ್ತಲ್ಲ.”

“ಮುಗಲು ನೀಲಿನ ಅಲ್ಲೇನ್ರಿ ಅಕ್ಕೋರ?”

ಅಕ್ಕೋರು ಕೈಯೆತ್ತಿ ಮೇಲೆ ತೋರಿಸಿದರು. “ಎಲ್ಲಿದೆ ನೀಲಿ? ನೀವೇ ನೋಡಿ. ಅದು ಮುಗಿಲು.”

ನಾವೆಲ್ಲ ತಲೆಯೆತ್ತಿದೆವು. ಊರಿನ ಮೇಲೆ, ಸಾಲಿಹುಡುಗರು ತೊಳೆದಿಟ್ಟ ಹಳೆಯ ಪಾಟಿಯಂತೆ, ಮೋಡ ನಿಂತಿತ್ತು.

“ಅದು ಮೋಡರಿ,” ಎಂದಳು ಅತ್ತಿ. “ಮುಗಲು ಅದರ ಹಿಂದ ಐತಿ.”

ಇಬ್ಬರು ಹೆಂಗಸರು ಒಂದೇ ಕಡೆ ಬೆರಳು ಮಾಡಿ ಎರಡು ಬೇರೆ ವಸ್ತುಗಳನ್ನು ತೋರಿಸುತ್ತಿದ್ದರು. ಮುಗಿಲೆಂದರೆ ಅವರ ಊರಿನಲ್ಲಿ ಮೋಡ, ನಮ್ಮೂರಿನಲ್ಲಿ ಆಕಾಶ. ಕೇಳಿದ ಬಣ್ಣ ಹದಿನೈದು ದಿನದಿಂದ ನೆತ್ತಿಯ ಮೇಲೆಯೇ ಇತ್ತು. ನಾವು ಅದರತ್ತ ಬೆನ್ನು ಹಾಕಿ, ಇಲ್ಲದ್ದನ್ನು ನೆನೆಸಿಕೊಂಡು ಹುಣಸೆಹುಳಿ ಹಿಂಡುತ್ತಿದ್ದೆವು. ಹಳಗನ್ನಡದ ಅಂಕಗಳ ಬಲದಿಂದ ನಾನು, ಇಬ್ಬರ ಮಾತೂ ಸರಿ ಎಂದು ವಿವರಿಸಹೋದೆ. ಇಬ್ಬರೂ ಸರಿ ಎನ್ನುವವನನ್ನು ಇಬ್ಬರೂ ನಂಬುವುದಿಲ್ಲ. ಅತ್ತಿ, ನೀ ಸುಮ್ನಿರೋ ತಮ್ಮಾ, ಎಂದಳು. ಅಕ್ಕೋರು ಅದನ್ನೇ ನಗುವಿನಲ್ಲಿ ಹೇಳಿದರು. ಸೀಮೆಸುಣ್ಣದ ಪುಡಿ ಬಿದ್ದರೆ ಕಾಣಬಾರದೆಂದು ಬೂದುಬಣ್ಣ ಬಯಸಿದ್ದೆ, ಪರವಾಗಿಲ್ಲ ಬಿಡಿ, ಇದೂ ಚೆನ್ನಾಗಿದೆ ಎಂದು ಅವರು ಹೊರಟಾಗ ಆ ‘ಪರವಾಗಿಲ್ಲ’ವೇ ಅತ್ತಿಗೆ ಚುಚ್ಚಿತು. ಹೇಳಿದ ಬಣ್ಣವೇ ತಿಳಿಯದವಳು ಹುಡುಗಿಯರಿಗೇನು ಕಲಿಸಿಯಾಳು ಎಂದು ಹಿರಿಯರಲ್ಲಿ ಒಬ್ಬರು ಅಂದರೂ ಸಾಕು, ಅವಳು ಮತ್ತೆ ಬಂದಾಕಿಯೇ. ಬೇರೆ ಉಲನ್ ಇರಲಿಲ್ಲ. ಹುಬ್ಬಳ್ಳಿಯಿಂದ ತರಿಸಿರಿ ಎಂದು ಈಗ ಕೇಳಲು ನಾಲಿಗೆ ಏಳಲಿಲ್ಲ.

ಎಲ್ಲವನ್ನೂ ಕರ್ರಗೆ ಅದ್ದಿಬಿಡು ನೀಲವ್ವಾ, ಹೆಂಗೂ ಬೋಗುಣಿ ಕೆಟ್ಟೈತಿ, ಎಂದಳು ಅವ್ವ. ಅತ್ತಿ ಹಗ್ಗದ ಮೇಲಿನ ಲಡಿಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ಅಟ್ಟದಿಂದ ತುಕ್ಕು ಹಿಡಿದ ಕುಡಗೋಲೊಂದನ್ನು ಇಳಿಸಿ ಬೆಲ್ಲದ ನೀರಿನಲ್ಲಿ ಮುಳುಗಿಸಿಟ್ಟಳು. ನಾಲ್ಕು ದಿನಕ್ಕೆ ಆ ನೀರು ಕಪ್ಪಾಗಿ ನಾತ ಹೊಡೆಯತೊಡಗಿತು. ದಾಳಿಂಬೆಯ ಸಿಪ್ಪೆ ಕುದಿಸಿದ ಕಷಾಯದಲ್ಲಿ ಲಡಿ ನೆನೆಸಿ, ಆ ಕಪ್ಪು ನೀರಿಗೆ ಇಳಿಸಿದಳು. ನೀಲಿ ನಮ್ಮ ಕಣ್ಣೆದುರೇ ಮಂಕಾಗಿ, ಮಳೆ ಹೊತ್ತ ಮೋಡವಾಯಿತು. ಆದರೆ ಅದ್ದಿದ್ದು ಮೂರೇ ಲಡಿ.

“ಉಳಿದ ಮೂರು?” ಎಂದೆ.

“ಅವು ಹಿಂದಕ,” ಎಂದಳು. “ಮೋಡದ ಹಿಂದ ಮುಗಲು ಇರತೈತೋ ಇಲ್ಲೋ? ಹಾಂಗ ಹೆಣೀತೀನಿ. ಆಕಿ ಮಾತೂ ಖರೆ ಆಗಲಿ, ನನ್ನದೂ ಸುಳ್ಳ ಆಗೂದು ಬ್ಯಾಡ.”

ಅವಳು ಹೆಣೆದಳು. ಎದೆಯ ಭಾಗ ಬೂದು, ಬೆನ್ನು ನೀಲಿ. ಎರಡೂ ಕೂಡುವ ಪಕ್ಕೆಯಲ್ಲಿ ಒಂದು ಎಳೆ ಅದು, ಒಂದು ಎಳೆ ಇದು. ಹೊಸತನಕ್ಕಾಗಿ ಹಂಬಲಿಸುತ್ತ ಆಗ ನಾನು ಸಾಲುಗಳನ್ನು ಮುರಿದು ಮುರಿದು ಪದ್ಯ ಬರೆಯುತ್ತಿದ್ದೆ. ಒಂದೂ ಆ ಸ್ವೆಟರಿನಷ್ಟು ಧೈರ್ಯವಾಗಿರಲಿಲ್ಲ. ಅವ್ವ ಇವತ್ತಿಗೂ ಹೇಳುತ್ತಾಳೆ, ನೀಲಿ ಇದ್ದದ್ದು ಮುಂದೆ, ಬೂದು ಹಿಂದೆ ಎಂದು. ಹಾಗಿದ್ದರೆ ಅತ್ತಿಯ ಮಾತೇ ಕೆಡುತ್ತದೆಂದು ನಾನು ವಾದಿಸುತ್ತೇನೆ. ಮಾತು ಕೆಟ್ಟರೆ ಕೆಡಲಿ, ನಾ ಕಣ್ಣಾರೆ ನೋಡೀನಿ ಎನ್ನುತ್ತಾಳೆ ಅವ್ವ.

ಕಮಿಟಿಯಲ್ಲಿ ನಡೆದದ್ದು ನಾನು ನೋಡಿದ್ದಲ್ಲ. ಅಕ್ಕೋರು ಎದುರಿಗೆ ನಿಂತು ಮಾತಾಡುವವರೆಗೆ ಹಿರಿಯರು ಮೋಡವನ್ನೇ ನೋಡುತ್ತ ಗಂಭೀರವಾಗಿ ತಲೆಯಾಡಿಸಿದರಂತೆ. ಅಕ್ಕೋರು ಹಾಜರಿ ಪುಸ್ತಕ ತೆಗೆಯಲು ಕಪಾಟಿನ ಕಡೆ ತಿರುಗಿದಾಗ ಕೋಣೆಯಲ್ಲಿ ಒಮ್ಮೆಲೇ ಮುಗಿಲು ತೆರೆಯಿತಂತೆ. ಒಬ್ಬ ಹಿರಿಯರು, ಇವು ಎರಡು ಸ್ವೆಟರೇನ್ರಿ ಎಂದು ಕೇಳಿದರಂತೆ. ಈ ‘ಅಂತೆ’ಗಳಲ್ಲಿ ಎಷ್ಟು ಅಕ್ಕೋರದು, ಎಷ್ಟು ಊರಿನದು, ಎಷ್ಟು ನನ್ನದು ಎಂದು ಈಗ ಬಿಡಿಸಲಾರೆ. ಒಪ್ಪಿದರು ಎಂಬುದಷ್ಟು ಖರೆ, ಯಾಕೆಂದರೆ ಮುಂದಿನ ವಾರದಿಂದ ಅತ್ತಿ ಮಂಗಳವಾರ ಮತ್ತು ಶುಕ್ರವಾರ ಸಾಲಿಗೆ ಹೋಗತೊಡಗಿದಳು. ಮೊದಲ ದಿನ ಹುಡುಗಿಯರನ್ನು ಹೊರಗೆ ಸಾಲಾಗಿ ನಿಲ್ಲಿಸಿ, ಮೇಲೆ ಕಾಣುವುದಕ್ಕೆ ಏನನ್ನುತ್ತೀರಿ ಎಂದು ಕೇಳಿದಳಂತೆ. ಇದೂ ಒಂದು ಅಂತೆ.

ಆಮೇಲಿನದು ಮಾತ್ರ ನನ್ನ ಕಣ್ಣೆದುರಿನದು. ಶ್ರಾವಣ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಕೆಳಗಿನೋಣಿಯ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ಮಗಳ ಅರ್ಧ ಹೆಣೆದ ಟೊಪ್ಪಿಗೆ, ಅದರಿಂದ ಕಳಚಿಬಿದ್ದ ಸೂಜಿ, ಮಂಡಿಯವರೆಗೆ ಜೋತ ದಾರ. ಅವಳಿಗೆ ಗಡಿಬಿಡಿ.

“ಅಕ್ಕೋರು ಅದಾರೇನ್ರಿ?” ಎಂದಳು.

ಅವ್ವ ಅಕ್ಕಿ ಆರಿಸುತ್ತಿದ್ದವಳು, ಮೊರದಿಂದ ತಲೆಯೆತ್ತದೆ, ಅಕ್ಕೋರ ಮನೆ ಇದಲ್ಲ, ಸಾಲಿಯ ಹಿಂದಿನ ಓಣಿಯಲ್ಲಿ ಮೂರನೆಯದು ಎಂದು ದಾರಿ ಹೇಳಿಕೊಟ್ಟಳು. ಬಂದವಳು ಕದಲಲಿಲ್ಲ. ಆ ಮೈಸೂರಿನವರಲ್ಲ ಎಂದಳು. ಮತ್ತ್ಯಾವ ಅಕ್ಕೋರವಾ ಎಂದು ಅವ್ವ ನಿಜವಾಗಿಯೂ ತಿಳಿಯದೆ ಕೇಳಿದಳು. ನಾನೂ ಒಂದು ಕ್ಷಣ ತಿಳಿಯದೆ ನೋಡಿದೆ.

“ನಮ್ಮೂರ ಅಕ್ಕೋರರಿ,” ಎಂದಳು ಅವಳು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟು ಹತ್ತಿದ ಕೈಗಳನ್ನು ಸೆರಗಿಗೆ ಒರೆಸುತ್ತ ಅತ್ತಿ ಹೊಸ್ತಿಲಿಗೆ ಬಂದಳು. ಈ ಸಲ ಹಿಂದೆ ತಿರುಗಿ ನೋಡಲಿಲ್ಲ.

“ಅದೀನಿ,” ಎಂದಳು. “ತಾ ಇಲ್ಲೆ.”