ನಾನು ಹೊಡೆದುಹಾಕಿದ ಆರು ಎಕ್ಸ್

ನಿನ್ನ ಉತ್ತರ ಸರಿಯಾಗಿತ್ತು ಮಾನಸಾ. ತಪ್ಪು ಬರೆಸಿದವನು ನಾನು, ನಿನ್ನ ಅಪ್ಪ. ತಪ್ಪೆಂದು ಗೊತ್ತಾದ ಮೇಲೂ — ನಿನ್ನ ಕ್ಲಾಸ್ ಟೆಸ್ಟಿಗೆ ಇನ್ನೂ ಒಂದು ದಿನ ಇರುವಾಗಲೇ ಗೊತ್ತಾಗಿತ್ತು — ಬಾಯಿ ಬಿಡಲಿಲ್ಲ.

ಆಗ ನೀನು ಎಂಟನೇ ಕ್ಲಾಸು. ಪೀಣ್ಯದ ಬಾಡಿಗೆ ಮನೆಯಲ್ಲಿ ನೆಲದ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ಎಕ್ಸ್ ಮತ್ತು ಮೂರನ್ನು ಕೂಡಿಸಿ, ಅದರ ವರ್ಗ ಕಂಡುಹಿಡಿಯಬೇಕು. ಒಂದೊಂದೇ ಹಂತ ಬರೆದು, ಎಕ್ಸ್ ವರ್ಗ, ಆರು ಎಕ್ಸ್, ಒಂಬತ್ತು ಎಂದು ಮುಗಿಸಿ ಎಂದಿನಂತೆ ನನಗೆ ತೋರಿಸಿದೆ. ಏಳನೇ ಕ್ಲಾಸಿನವರೆಗೆ ನಿನ್ನ ಲೆಕ್ಕಗಳನ್ನು ನಾನು ಹೇಗೋ ನಿಭಾಯಿಸಿದ್ದೆ. ಇದು ನನಗೆ ತಿಳಿಯದ ಲೆಕ್ಕ. ತಿಳಿಯದು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾನೇ ಮುಂದೆ ಎಂದು ಕೊಚ್ಚಿಕೊಂಡಿದ್ದೆನಲ್ಲ — ನಾನು ಫೇಲಾದದ್ದೇ ಗಣಿತದಲ್ಲಿ. ನಿನ್ನ ಅಮ್ಮನಿಗೂ ಗೊತ್ತಿಲ್ಲ.

"ಈ ಆರು ಎಕ್ಸ್ ಎಲ್ಲಿಂದ ಬಂತು? ಎಕ್ಸ್ ವರ್ಗ, ಮೂರರ ವರ್ಗ ಒಂಬತ್ತು, ಮುಗೀತು!"

"ಇಲ್ಲಪ್ಪಾ, ಮಧ್ಯದಲ್ಲಿ ಎರಡ್ ಸಲ ಮೂರು ಎಕ್ಸ್ ಬರುತ್ತೆ, ಅದನ್ನ ಕೂಡ್ಸಿದ್ರೆ—"

"ನಂಗೇ ಹೇಳ್ಕೊಡ್ತೀಯಾ?"

ಪೆನ್ನು ಕಿತ್ತುಕೊಂಡು ಆ ಹಂತಗಳ ಮೇಲೆ ನಾನೇ ಗೀಟು ಎಳೆದೆ.

ಮರುದಿನ ಕಾರ್ಖಾನೆಯಲ್ಲಿ ಒಂದು ಚೌಕದ ತಗಡಿಗಿಂತ ಉದ್ದಕ್ಕೂ ಅಗಲಕ್ಕೂ ಮೂರು ಇಂಚು ದೊಡ್ಡದನ್ನು ಕತ್ತರಿಸಬೇಕಿತ್ತು. ಹೊಸ ತಗಡಿನ ಮೂಲೆಗೆ ಹಳೆಯದನ್ನು ಸೇರಿಸಿಟ್ಟು ಗುರುತು ಹಾಕಿದೆ. ಹೊರಗೆ ಒಂದು ಪುಟ್ಟ ಚೌಕ ಉಳಿದಿತ್ತು, ಜೊತೆಗೆ ಎರಡು ಉದ್ದನೆಯ ಪಟ್ಟಿ — ಒಂದೊಂದೂ ಮೂರು ಇಂಚು ಅಗಲ. ಹಳೆಯ ತಗಡಿನ ಉದ್ದವನ್ನು ಎಕ್ಸ್ ಎಂದುಕೊಂಡರೆ ಒಂದು ಪಟ್ಟಿ ಮೂರು ಎಕ್ಸ್, ಇನ್ನೊಂದೂ ಮೂರು ಎಕ್ಸ್. ಅಯ್ಯೋ ದೇವರೇ, ನಿನ್ನ ಆರು ಎಕ್ಸ್ ಇದೇ ಅಲ್ಲವೇ!

ಹೇಳಿಬಿಡಬೇಕೆಂದೇ ಬಿರಬಿರನೆ ಮನೆಗೆ ಬಂದೆ. ಬಾಗಿಲಲ್ಲಿ ನಿನ್ನ ಅಮ್ಮ ಪಕ್ಕದ ಮನೆಯಾಕೆಗೆ, "ನಮ್ ಹುಡ್ಗೀಗೆ ಟ್ಯೂಷನ್ ಯಾಕ್ರೀ? ನಮ್ಮನೆಯವ್ರೇ ಲೆಕ್ಕ ಹೇಳ್ಕೊಡ್ತಾರೆ" ಎನ್ನುತ್ತಿದ್ದಳು. ಒಳಗೆ ನೀನು ನನ್ನ ತಪ್ಪನ್ನೇ ಮತ್ತೆ ಮತ್ತೆ ಬರೆದು ಕಲಿಯುತ್ತಿದ್ದೆ. ನಾನು — ಟೀ ಕುಡಿದು ಬರುತ್ತೇನೆಂದು ಹಾಗೇ ಹೊರಟುಬಿಟ್ಟೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಆ ಪೈಕಿ ನಾನು.

ಟೆಸ್ಟಿನಲ್ಲಿ ಅದೇ ಲೆಕ್ಕ ಬಂತು; ನಾನು ಹೇಳಿದ ತಪ್ಪನ್ನೇ ನೀನು ಬರೆದೆ. ಇದನ್ನು ಹೇಳಿಕೊಟ್ಟವರು ಯಾರು ಎಂದು ಮೇಡಂ ಎಲ್ಲರೆದುರು ಕೇಳಿದಾಗ, "ಯಾರೂ ಇಲ್ಲ ಮೇಡಂ, ನಾನೇ ತಪ್ ಮಾಡ್ದೆ" ಎಂದೆಯಂತೆ. ನಿನ್ನ ಗೆಳತಿಯ ಬಾಯಿಂದ ಕೇಳಿದೆ. ನಾಚಿಕೆಗಿಂತ ಮೊದಲು ನನಗೆ ಆದದ್ದು ನೆಮ್ಮದಿ. ಥೂ.

ಅಂದಿನಿಂದ ನೀನು ನಿನ್ನ ಯಾವ ಉತ್ತರವನ್ನೂ ನಂಬಿದ್ದು ನಾನು ಕಾಣೆ. ಈಗ ನಿನ್ನ ಡಿಗ್ರಿ ಮುಗಿಯುತ್ತಾ ಬಂತು. ಸರಿಯಾಗಿ ಬರೆದದ್ದನ್ನೂ ಇನ್ನೊಬ್ಬರಿಗೆ ತೋರಿಸಿ, ಅವರು ಹುಬ್ಬು ಗಂಟಿಕ್ಕಿದರೆ ಸಾಕು, ಹೊಡೆದುಹಾಕುತ್ತೀಯ. ಮೊನ್ನೆ ಕೆಲಸದ ಪರೀಕ್ಷೆಯಿಂದ ಬಂದವಳು, "ಉತ್ತರ ಗೊತ್ತಿತ್ತಪ್ಪಾ. ಧೈರ್ಯ ಬರ್ಲಿಲ್ಲ, ಬಿಟ್ಬಂದೆ" ಎಂದೆ. "ಇರ್ಲಿ ಬಿಡು ಮಗಳೇ" ಎಂದು ದೊಡ್ಡ ಮನುಷ್ಯನ ಹಾಗೆ ತಲೆ ಸವರಿದೆ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಈ ಕಾಗದವನ್ನು ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ನಿನ್ನ ಅಮ್ಮನೂ ಇರಲಿ. ಬೈಯಬೇಕೆನಿಸಿದರೆ ಬೈದುಬಿಡು. ನನ್ನ ಮಾನ ಮಾತ್ರ ಇನ್ನು ಕಾಪಾಡಬೇಡ.